ಮಗ್ಗ ಬಿಟ್ಟು ಹಕ್ಕಿ ಹಿಂದೆ ಹೋದವನು

ಅಮೆರಿಕದ ಹಕ್ಕಿಗಳು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ಆಡುಬಾನ್ ಹೆಸರು. ಅವನ ಭಾರೀ ಚಿತ್ರಗಳ ಪಕ್ಕ ಅಲೆಕ್ಸಾಂಡರ್ ವಿಲ್ಸನ್‌ನ ಚಿತ್ರಗಳನ್ನಿಟ್ಟರೆ ಮೊದಲ ನೋಟಕ್ಕೇ ವಿಲ್ಸನ್ ಸೋಲುತ್ತಾನೆ. ಹಾಗಾಗಿ ಅವನ ಕತೆ ಹೇಳುವವರೂ ಎಷ್ಟೋ ಸಲ ‘ಆಡುಬಾನ್‌ಗಿಂತ ಮೊದಲು ಬಂದವನು’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನನ್ನ ತಕರಾರು ಇರೋದು ಇಲ್ಲೇ.

ವಿಲ್ಸನ್ ಹುಟ್ಟಿದ್ದು 1766ರಲ್ಲಿ, ಸ್ಕಾಟ್ಲೆಂಡಿನ ನೇಕಾರರ ಊರು ಪೇಸ್ಲಿಯಲ್ಲಿ. ಮಗ್ಗದ ಕೆಲಸ ಕಲಿತ, ಹೊರೆ ಹೊತ್ತು ಬಟ್ಟೆ ಮಾರಿದ, ಪದ್ಯ ಬರೆದ. ಒಬ್ಬ ಗಿರಣಿ ಮಾಲೀಕನ ಮೇಲೆ ಲೇವಡಿ ಪದ್ಯ ಬರೆದು ಜೈಲಿಗೂ ಹೋದ, ಬೀದಿಯಲ್ಲಿ ತನ್ನ ಕೈಯಾರೆ ಅದನ್ನು ಸುಡಬೇಕಾಯಿತು. ಬಡವರ ಪರ ನಿಂತ ಕವಿ ಅಂತ ಹೊಗಳುವವರು ಒಂದು ವಿಷಯ ನುಂಗಿಕೊಳ್ಳುತ್ತಾರೆ: ದುಡ್ಡು ಕೊಟ್ಟರೆ ಪದ್ಯ ಹೊರಗೆ ಬರಲ್ಲ ಅನ್ನುವ ಪತ್ರವೂ ಆ ಮಾಲೀಕನಿಗೆ ಹೋಗಿತ್ತು. ವಿಲ್ಸನ್ ಸಂತನಲ್ಲ. 1794ರಲ್ಲಿ ಅಮೆರಿಕಕ್ಕೆ ಹೊರಟವನು ಊರಲ್ಲಿ ತಲೆ ಎತ್ತಲಾಗದ ಮನುಷ್ಯ.

ಫಿಲಡೆಲ್ಫಿಯಾ ಹತ್ತಿರ ಶಾಲಾ ಮೇಷ್ಟ್ರಾಗಿದ್ದಾಗ ನೆರೆಯ ತೋಟದ ವಿಲಿಯಂ ಬಾರ್ಟ್ರಮ್ ಅವನಿಗೆ ಹಕ್ಕಿಗಳ ಹುಚ್ಚು ಹತ್ತಿಸಿದ. ‘ಅಮೆರಿಕನ್ ಆರ್ನಿಥಾಲಜಿ’ 1808ರಿಂದ 1814ರವರೆಗೆ ಒಂಬತ್ತು ಸಂಪುಟಗಳಲ್ಲಿ ಬಂತು. ಕೊನೆಯದನ್ನು ನೋಡಲು ಅವನಿರಲಿಲ್ಲ. 1813ರಲ್ಲೇ ತೀರಿಕೊಂಡ, ವಯಸ್ಸು 47. ಇಡೀ ಸೆಟ್ಟಿಗೆ 120 ಡಾಲರ್. ಚಂದಾದಾರರನ್ನು ಹುಡುಕಿಕೊಂಡು ತಾನೇ ಊರೂರು ಅಲೆದ. ಒಂದೇ ತಾಮ್ರದ ತಗಡಿನಲ್ಲಿ ನಾಲ್ಕೈದು ಹಕ್ಕಿಗಳನ್ನು ಇಕ್ಕಟ್ಟಾಗಿ ಕೂರಿಸಿದ್ದು ಖರ್ಚಿನ ಲೆಕ್ಕಕ್ಕೆ. ಅದನ್ನು ಬರೀ ಕಲೆಯ ಕೊರತೆ ಅನ್ನೋದು ಅನ್ಯಾಯ.

1810ರಲ್ಲಿ ಲೂಯಿವಿಲ್‌ನ ಅಂಗಡಿಯೊಂದರಲ್ಲಿ ವಿಲ್ಸನ್ ಆಡುಬಾನ್‌ನನ್ನು ಭೇಟಿಯಾದ ಪ್ರಸಂಗ ಪ್ರಸಿದ್ಧ. ಆಡುಬಾನ್ ಚಂದಾಕ್ಕೆ ಸಹಿ ಹಾಕಲು ಹೊರಟಾಗ ಅವನ ಪಾಲುದಾರ ಫ್ರೆಂಚಿನಲ್ಲಿ ‘ನಿನ್ನ ಚಿತ್ರಗಳೇ ಇದಕ್ಕಿಂತ ಚೆನ್ನ’ ಎಂಬರ್ಥದ ಮಾತಾಡಿದನಂತೆ. ಈ ‘ಅಂತೆ’ ಮುಖ್ಯ. ಆಡುಬಾನ್ ಇದನ್ನು ಅಚ್ಚು ಹಾಕಿಸಿದ್ದು 1831ರಲ್ಲಿ, ವಿಲ್ಸನ್ ಸತ್ತು ಹದಿನೆಂಟು ವರ್ಷದ ಮೇಲೆ. ಸತ್ತವನು ಎದ್ದು ಬಂದು ‘ಹಂಗಲ್ಲ’ ಅನ್ನೋಕಾಗುತ್ತಾ?

ವಿಲ್ಸನ್‌ನ ಶಕ್ತಿ ಇರೋದು ಗದ್ಯದಲ್ಲಿ. ನಡುನಡುವೆ ತುರುಕುವ ಪದ್ಯಗಳು ಬೇಸರ ತರಿಸುತ್ತವೆ, ನಿಜ. ಆದರೆ ದಂತಕೊಕ್ಕಿನ ಮರಕುಟಿಗದ ಅಧ್ಯಾಯ ಓದಿ. ವಿಲ್ಮಿಂಗ್ಟನ್ ಹತ್ತಿರ ಗುಂಡು ತಗುಲಿದ ಹಕ್ಕಿಯೊಂದನ್ನು ಹಿಡಿದು ಊರೊಳಗೆ ತರುತ್ತಾನೆ. ಅದು ಥೇಟ್ ಮಗುವಿನ ಹಾಗೆ ಅಳುತ್ತದೆ. ಜನ ಗಾಬರಿಯಿಂದ ಬಾಗಿಲು, ಕಿಟಕಿಗಳಿಗೆ ಬರುತ್ತಾರೆ. ತನಗೂ ತನ್ನ ಕೂಸಿಗೂ ಜಾಗ ಇದೆಯಾ ಅಂತ ಹೋಟೆಲಿನವನನ್ನು ತಮಾಷೆಯಾಗಿ ಕೇಳುತ್ತಾನೆ. ಕೋಣೆಯಲ್ಲಿ ಬಿಟ್ಟು ಹೋಗಿ ಬರುವಷ್ಟರಲ್ಲಿ ಹಕ್ಕಿ ಗೋಡೆಯ ಗಾರೆ ಕಿತ್ತಿದೆ; ಕಾಲಿಗೆ ಹಗ್ಗ ಕಟ್ಟಿದರೆ ಮಹಾಗನಿ ಮೇಜನ್ನೇ ಹಾಳು ಮಾಡಿದೆ. ಚಿತ್ರ ಬರೆಯುವಾಗ ಅವನ ಕೈಯನ್ನೂ ಗಾಯ ಮಾಡುತ್ತದೆ. ಏನೂ ತಿನ್ನದೆ ಸುಮಾರು ಮೂರು ದಿನಕ್ಕೆ ಸಾಯುತ್ತದೆ. ಅವನಿಗೆ ಸಂಕಟವಾಗುತ್ತದೆ. ಆದರೆ ಕೊಂದವನೂ ಅವನೇ, ಅದನ್ನವನು ಮುಚ್ಚಿಡುವುದಿಲ್ಲ. ನಗಿಸುತ್ತ ಶುರುಮಾಡಿ ಓದುಗನನ್ನು ಇಂಥ ಜಾಗಕ್ಕೆ ತಂದು ನಿಲ್ಲಿಸುವುದು ಸಣ್ಣ ಕೆಲಸವಲ್ಲ.

ಕೆಂಟಕಿಯಲ್ಲಿ ವಲಸೆ ಪಾರಿವಾಳಗಳ ಹಿಂಡು ತಲೆ ಮೇಲೆ ಹಾದುಹೋದಾಗ ಅವನು ಲೆಕ್ಕಕ್ಕೆ ಕೂತ. ಒಂದು ಮೈಲಿ ಅಗಲ, 240 ಮೈಲಿ ಉದ್ದ, ಚದರ ಗಜಕ್ಕೆ ಮೂರು: ಒಟ್ಟು 223 ಕೋಟಿಗೂ ಹೆಚ್ಚು. ಆ ಜಾತಿಯ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಅವನು ಜೇಬಿನಲ್ಲಿಟ್ಟು ಸಾಕಿದ ಕೆರೊಲಿನಾ ಗಿಳಿಯ ಕುಲವೂ ಇಲ್ಲ. ಆ ಮರಕುಟಿಗವನ್ನು ನಿಸ್ಸಂಶಯವಾಗಿ ಕಂಡು ದಶಕಗಳೇ ಕಳೆದಿವೆ. ಇದೆಲ್ಲ ಗೊತ್ತಿರುವ ನಾವು ಅವನ ಪುಸ್ತಕವನ್ನು ಚರಮಗೀತೆಯಂತೆ ಓದಿಬಿಡುತ್ತೇವೆ. ಹಾಗೆ ಓದಬಾರದು. ಅವನಿಗೆ ಅದು ತುಂಬಿ ತುಳುಕುವ ಲೋಕ, ಎಷ್ಟು ಹೊಡೆದರೂ ಮುಗಿಯದ್ದು. ಆ ನಂಬಿಕೆಯ ಬೆಲೆ ಏನು ಅಂತ ತಿಳಿಯಬೇಕಾದರೆ ಮೊದಲು ಅವನ ಖುಷಿಯನ್ನೂ ಓದಬೇಕು.

ವ್ಯಕ್ತಿಗಳ ಹೆಸರು ಹೊತ್ತ ಹಕ್ಕಿಗಳಿಗೆ ಬೇರೆ ಇಂಗ್ಲಿಷ್ ಹೆಸರಿಡುವುದಾಗಿ ಅಮೆರಿಕದ ಪಕ್ಷಿವಿಜ್ಞಾನಿಗಳ ಸಂಘ 2023ರಲ್ಲಿ ಹೇಳಿತು. ನಮ್ಮ ಕರಾವಳಿಯಾಚೆ ಅರಬ್ಬೀ ಸಮುದ್ರದಲ್ಲೂ ಕಾಣುವ ಪುಟ್ಟ ಕಡಲಹಕ್ಕಿ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್‌ನ ಹೆಸರೂ ಮುಂದೊಂದು ದಿನ ಹೋದೀತು. ಹೋದರೆ ಹೋಗಲಿ ಬಿಡಿ, ಹಕ್ಕಿಗೇನೂ ನಷ್ಟವಿಲ್ಲ. ಹೋಟೆಲ್ ಕೋಣೆಯ ಆ ಎರಡು ಪುಟಗಳನ್ನು ಓದುವವರು ಇರುವ ತನಕ ವಿಲ್ಸನ್‌ಗೂ ಇಲ್ಲ.