ಬಳುವಳಿಯಾಗಿ ಬಂದ ಗೆಜ್ಜೆ

ಹೈದರಾಬಾದಿನ ಬೇಗಂಪೇಟೆಗೆ ಆ ಹೆಸರು ಬಂದುದು ಒಬ್ಬ ಮಗಳಿಂದ. ನಿಜಾಮನ ಮಗಳು ಬಶೀರುನ್ನೀಸಾ ಬೇಗಂ ಪಾಯಿಗಾ ಮನೆತನದ ಅಮೀರನನ್ನು ವರಿಸಿದಾಗ ಈ ಭೂಮಿ ಆಕೆಗೆ ಬಳುವಳಿಯಾಗಿ ದೊರೆಯಿತೆಂದು ಹೇಳುವುದು ವಾಡಿಕೆ. ಇದೇ ಬೇಗಂಪೇಟೆಯ ಪಾಯಿಗಾ ಅರಮನೆಯಲ್ಲಿ 2008ರಿಂದ 2023ರವರೆಗೆ ಅಮೆರಿಕದ ದೂತಾವಾಸವಿದ್ದಿತು. ಆ ಅವಧಿಯಲ್ಲಿ ಅಮೆರಿಕದ ಧನಸಹಾಯದಿಂದ ನಗರದ ಮತ್ತೊಂದು ತುದಿಯ ಮೌಲಾಲಿ ಗುಡ್ಡದ ತಪ್ಪಲಿನಲ್ಲಿ ಒಂದು ಸಮಾಧಿಯ ಜೀರ್ಣೋದ್ಧಾರ ನಡೆಯಿತು. ಅದು ನರ್ತಕಿಯೂ ಉರ್ದು ಕವಯಿತ್ರಿಯೂ ಆಗಿದ್ದ ಮಹ್ ಲಖಾ ಬಾಯಿ ಚಂದಾ 1792ರಲ್ಲಿ ತನ್ನ ತಾಯಿ ರಾಜ್ ಕುಂವರಳಿಗಾಗಿ ಕಟ್ಟಿಸಿದ ಸಮಾಧಿ. 1824ರಲ್ಲಿ ಮಗಳನ್ನೂ ಅಲ್ಲಿಯೇ ಮಣ್ಣುಮಾಡಲಾಯಿತು. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಬಳುವಳಿಗಳ ನೆನಪು ಉಳಿದುಬಂದಿದೆ. ಒಂದು, ತಂದೆ ಮಗಳಿಗೆ ಕೊಟ್ಟ ನೆಲ. ಇನ್ನೊಂದು, ತಾಯಿ ಮಗಳಿಗೆ ಕೊಟ್ಟ ಕುಣಿತ ಮತ್ತು ಹಾಡು. ಈ ಎರಡನೆಯ ಬಗೆಯ ಬಳುವಳಿಯನ್ನು ಕುರಿತು ಕನ್ನಡದಲ್ಲಿ ಬಂದ ಅತ್ಯಂತ ಗಂಭೀರವಾದ ಚಲಚ್ಚಿತ್ರಗಳಲ್ಲಿ ‘ಗೆಜ್ಜೆಪೂಜೆ’ಯೂ ಒಂದೆಂಬುದರಲ್ಲಿ ಸಂದೇಹವಿಲ್ಲ.

ಎಂ. ಕೆ. ಇಂದಿರಾ ಅವರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿ ಎಸ್. ಆರ್. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರ 1969ರಲ್ಲಿ ತೆರೆಕಂಡಿತು. ಆ ವರ್ಷದ ಕನ್ನಡ ಚಿತ್ರಗಳಲ್ಲಿ ಶ್ರೇಷ್ಠವಾದುದೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ಶ್ರೇಷ್ಠ ಚಿತ್ರಕಥೆಗಾಗಿ ಪುಟ್ಟಣ್ಣನವರಿಗೂ ರಾಷ್ಟ್ರಮಟ್ಟದ ಪುರಸ್ಕಾರ ದೊರೆಯಿತು. 1971ರಲ್ಲಿ ‘ಕಲ್ಯಾಣ ಮಂಟಪಂ’ ಎಂಬ ಹೆಸರಿನಿಂದ ತೆಲುಗಿನಲ್ಲಿಯೂ, 1981ರಲ್ಲಿ ‘ಆಹಿಸ್ತಾ ಆಹಿಸ್ತಾ’ ಎಂಬ ಹೆಸರಿನಿಂದ ಹಿಂದಿಯಲ್ಲಿಯೂ ಈ ಕಥೆ ಮತ್ತೆ ಚಿತ್ರವಾಯಿತು. ತೆಲುಗಿನವರು ಇಟ್ಟ ಹೆಸರು ವಿಚಾರಾರ್ಹವಾದುದು. ಕನ್ನಡದ ಹೆಸರು ನಾಯಿಕೆಯ ಪಾಲಿಗೆ ಬಂದುದನ್ನು ಹೇಳಿದರೆ, ತೆಲುಗಿನ ಹೆಸರು ಆಕೆ ಬಯಸಿದುದನ್ನು ಹೇಳುತ್ತದೆ. ಕಥೆಯ ಸಂಕಟವೆಲ್ಲ ಈ ಎರಡರ ನಡುವೆ ಇದೆ.

ಗೆಜ್ಜೆಪೂಜೆಯೆಂಬುದು ಒಂದರ್ಥದಲ್ಲಿ ಮದುವೆಯ ಪ್ರತಿಬಿಂಬ. ಗೃಹಸ್ಥರ ಮನೆಯ ಹೆಣ್ಣಿಗೆ ತಾಳಿ ಕಟ್ಟಿಸಿ ಮತ್ತೊಂದು ಮನೆಗೆ ಕಳುಹಿಸುವರು. ಈ ಮನೆಯ ಹೆಣ್ಣಿಗೆ ದೇವರ ಮುಂದೆ ಪೂಜಿಸಿದ ಗೆಜ್ಜೆಯನ್ನು ಕಟ್ಟಿ ಅದೇ ಮನೆಯಲ್ಲಿ ಉಳಿಸಿಕೊಳ್ಳುವರು. ಅಲ್ಲಿಯೂ ಹೂವು, ಆರತಿ, ಹಿರಿಯರ ಆಶೀರ್ವಾದ ಎಲ್ಲವೂ ಉಂಟು, ಇಲ್ಲದವನು ವರನೊಬ್ಬನೇ. 1909ರಲ್ಲಿಯೇ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ಈ ವಿಧಿಯನ್ನು ನಿಷೇಧಿಸಿದ್ದಿತು. 1934ರಲ್ಲಿ ಮುಂಬಯಿ ಪ್ರಾಂತದಲ್ಲಿಯೂ, 1947ರಲ್ಲಿ ಮದರಾಸು ಪ್ರಾಂತದಲ್ಲಿಯೂ ದೇವದಾಸಿ ಪದ್ಧತಿಯ ವಿರುದ್ಧ ಕಾಯಿದೆಗಳಾದುವು. ಹಾಗಿದ್ದರೂ ಕರ್ನಾಟಕವು 1982ರಲ್ಲಿ, ಆಂಧ್ರಪ್ರದೇಶವು 1988ರಲ್ಲಿ ಹೊಸದಾಗಿ ಕಾಯಿದೆ ಮಾಡಬೇಕಾಯಿತು. ಬಸವಿ, ಜೋಗಿನಿ ಮೊದಲಾದ ಹೆಸರುಗಳನ್ನು ಆಂಧ್ರದ ಕಾಯಿದೆ ವಿವರವಾಗಿ ಎಣಿಸುತ್ತದೆ. ಚಿತ್ರವು ಬಂದುದು ಈ ಎರಡು ಘಟ್ಟಗಳ ಮಧ್ಯಕಾಲದಲ್ಲಿ. ದೇವಾಲಯದ ಬಾಗಿಲು ಮುಚ್ಚಿದ ಮೇಲೆ ವಿಧಿಯು ಮನೆಯ ನಡುಮನೆಯನ್ನು ಸೇರಿತು. ಕಾನೂನಿನ ಕಣ್ಣು ಅಲ್ಲಿಗೆ ಸುಲಭವಾಗಿ ಮುಟ್ಟದು. ಆದುದರಿಂದ ಅಲ್ಲಿ ಕಾವಲುಗಾರಳಾಗಿ ನಿಲ್ಲಬೇಕಾದವಳೂ ತಾಯಿ, ಕಟ್ಟಳೆಯನ್ನು ನಡೆಸಬೇಕಾದವಳೂ ತಾಯಿ.

ಈ ಇಬ್ಬಂದಿಯೇ ಚಿತ್ರದ ನಿಜವಾದ ವಸ್ತು. ಮನೆಯಲ್ಲಿ ಮೂವರು ಹೆಂಗಸರು: ಅಜ್ಜಿ, ತಾಯಿ ಅಪರ್ಣಾ, ಮಗಳು ಚಂದ್ರಾ. ಅಜ್ಜಿಗೆ ಕುಲವೃತ್ತಿಯ ವಿಷಯದಲ್ಲಿ ಸಂಶಯವೇ ಇಲ್ಲ. ಅಪರ್ಣಾ ಒಬ್ಬನನ್ನು ನಂಬಿ, ಗೃಹಿಣಿಯಾಗುವ ಕನಸು ಕಂಡು, ಕೈಬಿಡಲ್ಪಟ್ಟವಳು. ಚಂದ್ರಾ ಓದುಬರಹ ಕಲಿತು, ಸೋಮುವಿನ ಕೈಹಿಡಿದು, ತಾಯಿಗೆ ಸಿಕ್ಕದ ಬಾಳನ್ನು ತಾನಾದರೂ ಬಾಳಬೇಕೆಂದು ಹಂಬಲಿಸುವವಳು. ಹೀಗಿರುವಾಗ ತಾಯಿ ಮತ್ತು ಮಗಳ ನಡುವೆ ವಿರಸಕ್ಕೆ ಕಾರಣವೇ ಇರಬಾರದು, ಏಕೆಂದರೆ ಇಬ್ಬರೂ ಬಯಸುವುದು ಒಂದನ್ನೇ. ಆದರೂ ಮಗಳ ಕಾಲಿಗೆ ಗೆಜ್ಜೆ ಬೀಳುವ ಹೊತ್ತಿನಲ್ಲಿ ತಾಯಿ ತಡೆಯಲಾರಳು. ಮಗಳನ್ನು ಪ್ರೀತಿಸದ ತಾಯಿಯ ಕಥೆ ಸುಲಭವಾದುದು. ಪ್ರೀತಿಸಿಯೂ ಒಪ್ಪಿಸಿಬಿಡುವ ತಾಯಿಯ ಕಥೆ ಕಷ್ಟವಾದುದು. ಪುಟ್ಟಣ್ಣನವರು ಕಷ್ಟವಾದುದನ್ನೇ ಆರಿಸಿಕೊಂಡಿದ್ದಾರೆ.

ಪಾತ್ರಧಾರಿಗಳ ಆಯ್ಕೆಯಿಂದ ಈ ಭಾವಕ್ಕೆ ಮತ್ತಷ್ಟು ಪುಷ್ಟಿ ಬಂದಿದೆ. ಅಪರ್ಣೆಯ ಪಾತ್ರವನ್ನು ಲೀಲಾವತಿ, ಚಂದ್ರೆಯ ಪಾತ್ರವನ್ನು ಕಲ್ಪನಾ ನಿರ್ವಹಿಸಿದ್ದಾರೆ. ನಿಜಜೀವನದಲ್ಲಿ ಈ ಇಬ್ಬರು ಕಲಾವಿದೆಯರ ವಯಸ್ಸಿನ ಅಂತರ ಐದಾರು ವರ್ಷಗಳು ಮಾತ್ರ. ಸಾಮಾನ್ಯವಾಗಿ ಇದನ್ನು ಚಿತ್ರರಂಗದ ಒಂದು ದೋಷವೆಂದು ಎಣಿಸುವರು. ಇಲ್ಲಿ ಮಾತ್ರ ಅದು ಗುಣವಾಗಿ ಪರಿಣಮಿಸಿದೆ. ತಾಯಿಯು ಮುದುಕಿಯಾಗಿ ಕಾಣುವುದಿಲ್ಲ; ಬಾಳಿನ ನಡುವೆಯೇ ನಿಂತುಹೋದವಳಂತೆ ಕಾಣುತ್ತಾಳೆ. ಮಗಳು ತಾಯಿಯನ್ನು ನೋಡಿದಾಗ ತನ್ನ ನಾಳೆಯನ್ನೇ ನೋಡಿದಂತಾಗುತ್ತದೆ. ತಾಯಿಯು ಮಗಳನ್ನು ನೋಡಿದಾಗ ತನ್ನ ನಿನ್ನೆಯನ್ನು ನೋಡಿದಂತಾಗುತ್ತದೆ. ಅವರ ನಡುವಣ ಮುನಿಸು, ಮೌನ, ಕಣ್ಣೀರುಗಳಿಗೆಲ್ಲ ಈ ಹೋಲಿಕೆಯೇ ಮೂಲ.

ಚಿತ್ರದ ಶಕ್ತಿಯನ್ನು ಒಪ್ಪಿಕೊಂಡ ಮೇಲೆ ಅದರ ಕೊರತೆಯನ್ನೂ ಹೇಳಬೇಕಾಗುತ್ತದೆ. ಕಥೆಯ ಕೊನೆಯಲ್ಲಿ ಚಂದ್ರಾ ಗೆಜ್ಜೆಪೂಜೆಗೆ ಒಪ್ಪಿ ಪ್ರಾಣವನ್ನು ನೀಗುತ್ತಾಳೆ. ಪ್ರೇಕ್ಷಕರ ಕರುಳನ್ನು ಹಿಂಡುವ ಮುಕ್ತಾಯವಿದು. ಆದರೆ ಸಾವು ಪ್ರಶ್ನೆಯನ್ನು ಮುಗಿಸುತ್ತದೆಯೇ ಹೊರತು ಉತ್ತರವನ್ನು ಕೊಡುವುದಿಲ್ಲ. ಮಗಳು ಬದುಕಿ ಉಳಿದಿದ್ದರೆ ತಾಯಿಯೊಡನೆ ಏನೆಂದು ಮಾತಾಡುತ್ತಿದ್ದಳು? ಆ ಮನೆಯಲ್ಲಿ ಮರುದಿನದ ಬೆಳಗು ಹೇಗಿರುತ್ತಿತ್ತು? ಇವು ಕೇಳಲೇಬೇಕಾದ ಪ್ರಶ್ನೆಗಳು. ಇದಲ್ಲದೆ, ಪ್ರೇಕ್ಷಕರ ಕೋಪವೆಲ್ಲ ಅಜ್ಜಿಯ ಮೇಲೆ ತಿರುಗುವಂತೆ ಕಥೆ ಸಾಗುತ್ತದೆ. ಅಜ್ಜಿಯೂ ಒಂದು ಕಾಲದಲ್ಲಿ ಯಾರಿಂದಲೋ ಗೆಜ್ಜೆ ಕಟ್ಟಿಸಿಕೊಂಡ ಹುಡುಗಿಯಾಗಿದ್ದಳೆಂಬುದು ಮರೆತುಹೋಗುತ್ತದೆ. ಮಾತು ಕೊಟ್ಟು ತಪ್ಪಿದ ಗಂಡಸಿನ ಮನೆತನ ಅಬಾಧಿತವಾಗಿ ಉಳಿದು, ಹೆಂಗಸರ ಮನೆಯೊಂದೇ ಕಟಕಟೆಯಲ್ಲಿ ನಿಲ್ಲುತ್ತದೆ.

ಈ ಸಂದರ್ಭದಲ್ಲಿ ಮೌಲಾಲಿಯ ಸಮಾಧಿಯನ್ನು ಮತ್ತೆ ನೆನೆಯುವುದು ಉಚಿತ. ರಾಜ್ ಕುಂವರಳ ಮಗಳೂ ತಾಯಿಯ ವೃತ್ತಿಯನ್ನೇ ಹಿಡಿದವಳು. ಆದರೆ ಆಕೆಗೆ ನಿಜಾಮನ ಆಸ್ಥಾನದಲ್ಲಿ ಸ್ಥಾನವಿದ್ದಿತು, ಜಹಗೀರುಗಳಿದ್ದುವು. ಉಸ್ಮಾನಿಯಾ ವಿಶ್ವವಿದ್ಯಾನಿಲಯ ಹಬ್ಬಿರುವ ಅಡಿಕ್‌ಮೆಟ್ಟಿನ ಭೂಮಿಯೂ ಆಕೆಗೆ ಸೇರಿದ್ದಿತೆಂದು ಹೇಳುವರು. ಆಕೆಯ ಗಜಲುಗಳು ದಿವಾನ್ ರೂಪದಲ್ಲಿ ಸಂಗ್ರಹವಾದುವು. ಅಂಥವಳು ತಾಯಿಗೆ ಕೃತಜ್ಞತೆಯ ಗುರುತಾಗಿ ಕಲ್ಲುಗಾರೆಯ ಸ್ಮಾರಕವನ್ನು ನಿಲ್ಲಿಸಬಲ್ಲವಳಾಗಿದ್ದಳು. ಅಂದಿನ ವ್ಯವಸ್ಥೆ ನ್ಯಾಯವಾದುದಾಗಿದ್ದಿತೆಂದು ಇದರ ಅರ್ಥವಲ್ಲ. ಒಬ್ಬ ಮಹ್ ಲಖಾಳಿಗೆ ಹೆಸರಿಲ್ಲದ ನೂರಾರು ಹೆಣ್ಣುಗಳಿದ್ದರು. ಇದರಿಂದ ತಿಳಿದುಬರುವ ಸಂಗತಿ ಇಷ್ಟೆ: ಗೆಜ್ಜೆಯ ಜೊತೆಗೆ ನೆಲವೂ, ವಿದ್ಯೆಯೂ, ಮರ್ಯಾದೆಯೂ ಬಂದಾಗ ಮಗಳಿಗೆ ತಾಯಿಯ ಮೇಲೆ ಗೌರವವಿರಲು ಅವಕಾಶವಿದ್ದಿತು. ದೇವದಾಸಿಯರ ಮನೆಗಳಲ್ಲಿ ಆಸ್ತಿಯು ಹೆಣ್ಣಿನಿಂದ ಹೆಣ್ಣಿಗೆ ಇಳಿಯುವ ರೂಢಿಯನ್ನು ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಮನ್ನಿಸಿದ್ದುವು. ಉಳಿದುದೆಲ್ಲ ಜಾರಿಹೋಗಿ ಗೆಜ್ಜೆಯೊಂದೇ ಉಳಿದಾಗ, ಅದನ್ನು ಕೊಡುವ ತಾಯಿಯೂ ಪಡೆಯುವ ಮಗಳೂ ಒಬ್ಬರನ್ನೊಬ್ಬರು ಎದುರುನೋಡಲಾರದವರಾದರು. ಅಪರ್ಣಾ ಮತ್ತು ಚಂದ್ರಾ ಬಾಳಿದುದು ಈ ಇಳಿಗಾಲದಲ್ಲಿ.

ಹೈದರಾಬಾದಿನ ತಿರುಮಲಗಿರಿಯಲ್ಲಿ ಹುಟ್ಟಿ ಬೆಳೆದ ಶ್ಯಾಮ್ ಬೆನೆಗಲ್ 1983ರಲ್ಲಿ ‘ಮಂಡಿ’ ಎಂಬ ಹಿಂದಿ ಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿಯೂ ಇದೇ ಸಮಸ್ಯೆ ಬೇರೊಂದು ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ವೇಶ್ಯಾಗೃಹದ ಯಜಮಾನಿ ರುಕ್ಮಿಣಿಬಾಯಿ ಗಾಯಕಿ ಜೀನತ್‌ಳನ್ನು ಮಗಳಂತೆ ಸಾಕಿ, ಗಂಡಸರ ಕೈಗೆ ಕೊಡದೆ ಕಾಯುತ್ತಾಳೆ. ಆ ಪ್ರೀತಿಯಲ್ಲಿ ವಾತ್ಸಲ್ಯವೆಷ್ಟು, ವ್ಯವಹಾರವೆಷ್ಟು ಎಂಬುದನ್ನು ಬಿಡಿಸಿ ಹೇಳಲು ಸಾಧ್ಯವಿಲ್ಲ. ಜೀನತ್ ಸಾಯುವುದಿಲ್ಲ, ಮನೆಯನ್ನು ಬಿಟ್ಟು ಹೊರಟುಹೋಗುತ್ತಾಳೆ. ಹದಿನಾಲ್ಕು ವರ್ಷಗಳ ಹಿಂದೆ ಕನ್ನಡದ ಚಂದ್ರೆಗೆ ಈ ದಾರಿ ತೋರಲಿಲ್ಲ. ‘ಮಂಡಿ’ಯಲ್ಲಿ ವ್ಯಂಗ್ಯವಿದೆ, ‘ಗೆಜ್ಜೆಪೂಜೆ’ಯಲ್ಲಿ ಕರುಣೆಯಿದೆ. ವ್ಯಂಗ್ಯಕ್ಕೆ ಬಾಗಿಲು ತೆರೆಯುವ ಧೈರ್ಯ ಹೆಚ್ಚು. ತಾಯಿಯ ಎದೆಯೊಳಗೆ ಇಳಿಯುವ ಶಕ್ತಿ ಕರುಣೆಗೆ ಹೆಚ್ಚು. ಈ ಕಾರಣದಿಂದಲೇ, ಮುಕ್ತಾಯದ ದೌರ್ಬಲ್ಯವಿದ್ದರೂ ಪುಟ್ಟಣ್ಣನವರ ಕೃತಿ ತನ್ನ ಎತ್ತರವನ್ನು ಕಳೆದುಕೊಂಡಿಲ್ಲ.

ಪುಟ್ಟಣ್ಣ 1985ರಲ್ಲಿ, ಇಂದಿರಾ 1994ರಲ್ಲಿ ತೀರಿಕೊಂಡರು. ಕಲ್ಪನಾ 1979ರಲ್ಲಿಯೇ ಅಕಾಲದಲ್ಲಿ ಅಗಲಿದರು. ತಾಯಿಯ ಪಾತ್ರ ವಹಿಸಿದ್ದ ಲೀಲಾವತಿ 2023ರವರೆಗೆ ಬಾಳಿದರು. ಚಿತ್ರವು ಎತ್ತಿದ ಪ್ರಶ್ನೆ ಅದರ ಕರ್ತೃಗಳೊಡನೆ ಮುಗಿದುಹೋಗಿಲ್ಲ. ಗೆಜ್ಜೆಯ ಮನೆಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೂ ಅದಲ್ಲ. ತಾನು ಪಟ್ಟ ಪಾಡನ್ನು ಮಗಳು ಪಡಬಾರದೆಂದು ಹರಸಿದ ಬಾಯಿಂದಲೇ ‘ಹೊಂದಿಕೊಂಡು ಹೋಗು’ ಎಂದು ಹೇಳಬೇಕಾಗಿ ಬರುವ ತಾಯಂದಿರು ಗೃಹಸ್ಥರ ಮನೆಗಳಲ್ಲಿಯೂ ಉಂಟು. ಅಂಥ ಮನೆಯ ಮಗಳೊಬ್ಬಳು ಈ ಚಿತ್ರವನ್ನು ನೋಡಿ ತಾಯಿಯ ಮೇಲಿನ ಮುನಿಸನ್ನು ಬಿಡದಿದ್ದರೂ ಆ ಮುನಿಸಿನ ಬೇರು ಎಲ್ಲಿದೆಯೆಂಬುದನ್ನು ಕಂಡುಕೊಂಡಾಳು. ಬಳುವಳಿಯಾಗಿ ಏನು ಬರಬೇಕೆಂಬುದನ್ನು ಮಗಳು ಆರಿಸಲಾರಳು. ತಾಯಿಗೂ ಅದನ್ನು ಆರಿಸುವ ಸ್ವಾತಂತ್ರ್ಯವಿರಲಿಲ್ಲವೆಂಬ ಅರಿವೇ ಚಿತ್ರವು ನೋಡುಗರಿಗೆ ಕೊಡುವ ಬಳುವಳಿ.