ಬರೆದವರ ಕೈಯಲ್ಲಿ ತುಳುನಾಡು

ಉದ್ಯಾವರದ ಶಂಭುಕಲ್ಲು ದೇವಸ್ಥಾನದ ಆವರಣದಲ್ಲಿ ದೊರೆತ ಹಳಗನ್ನಡ ಶಾಸನಗಳು ಎಂಟನೆಯ ಶತಮಾನದ ಆಸುಪಾಸಿನವು. ತುಳುನಾಡನ್ನು ಆಳಿದ ಆಳುಪರ ಮನೆತನದೊಳಗೆ ಪಟ್ಟಕ್ಕಾಗಿ ನಡೆದ ಕಾಳಗ, ರಣಸಾಗರ, ಚಿತ್ರವಾಹನ, ಪೃಥುವೀಸಾಗರರ ಹೆಸರುಗಳು, ಉದಯಪುರವನ್ನು, ಅಂದರೆ ಅಂದಿನ ಉದ್ಯಾವರವನ್ನು, ಹೊಕ್ಕು ಕಾದಿ ಮಡಿದ ಭಟರ ನೆನಪು ಅವುಗಳಲ್ಲಿವೆ. ಅವನ್ನು ಓದಿ ಅಚ್ಚಿಗೆ ಕೊಟ್ಟವನು ಮದರಾಸು ಸರಕಾರದ ಶಾಸನತಜ್ಞನಾಗಿದ್ದ ಜರ್ಮನ್ ವಿದ್ವಾಂಸ ಹುಲ್ಟ್ಷ್. ‘ಎಪಿಗ್ರಾಫಿಯಾ ಇಂಡಿಕಾ’ದ ಒಂಬತ್ತನೆಯ ಸಂಪುಟದಲ್ಲಿ, 1907-08ರಲ್ಲಿ, ಅವು ಪ್ರಕಟವಾದವು. ಉದ್ಯಾವರದವರು ದಿನಾ ದಾಟಿಕೊಂಡು ಹೋಗುತ್ತಿದ್ದ ಕಲ್ಲುಗಳು ಹೀಗೆ ಇತಿಹಾಸದ ಆಧಾರಗಳಾದವು. ಆಳುಪರ ಬಗ್ಗೆ ಆಮೇಲೆ ಬರೆದ ಯಾರೂ ಆ ಪುಟಗಳನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ.

ಹುಲ್ಟ್ಷ್‌ನ ಕೆಲಸ ಒಂದು ದೊಡ್ಡ ಪರಂಪರೆಯ ಕೊನೆಯ ಘಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ತುಳುನಾಡು ಸೇರಿದ್ದ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದೊಡನೆ ಆ ಪರಂಪರೆ ಶುರುವಾಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಕಂದಾಯದ ಹಳೆಯ ಲೆಕ್ಕಗಳನ್ನು ಹುಡುಕಿಸಿದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಊರೂರು ತಿರುಗಿ ಬೆಳೆ, ಜಾತಿ, ವ್ಯಾಪಾರಗಳನ್ನು ಟಿಪ್ಪಣಿ ಮಾಡಿದ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು ಅಚ್ಚುಕೂಟ ಹಾಕಿ, ತುಳುವಿಗೆ ವ್ಯಾಕರಣ, ನಿಘಂಟು ಕಟ್ಟಿದರು. 1894ರಲ್ಲಿ ಸ್ಟರಕ್‌ನ ಜಿಲ್ಲಾ ಮ್ಯಾನುವಲ್ ಬಂತು, 1909ರಲ್ಲಿ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ಏಳು ಸಂಪುಟಗಳು ಬಂದವು. ಕಲೆಕ್ಟರ್, ನ್ಯಾಯಾಧೀಶ, ಪಾದ್ರಿ, ಶಾಸನತಜ್ಞ, ಇವರ ಉದ್ದೇಶಗಳು ಬೇರೆಬೇರೆ. ಆದರೆ ಆಳುವವರ ಬಲದ ನೆರಳಿನಲ್ಲಿ ಕೇಳಿ ಬರೆದುಕೊಂಡರು ಎಂಬ ಒಂದು ಸಂಗತಿ ಎಲ್ಲರನ್ನೂ ಒಂದೇ ಸಾಲಿಗೆ ತರುತ್ತದೆ. ಬರೆದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಬರೆದದ್ದು ಇಲ್ಲಿನ ಜನರ ಬದುಕಿನಲ್ಲಿ ಏನು ಮಾಡಿತು ಎಂಬುದನ್ನು ಕೇಳಿದವರು ಕಡಿಮೆ.

ಭೂಮಿಯಿಂದಲೇ ತೊಡಗಬೇಕು. ಕೆನರಾದಲ್ಲಿ ನೆಲ ಅರಸನದಲ್ಲ, ತಲೆತಲಾಂತರದಿಂದ ಖಾಸಗಿ ಸ್ವತ್ತು ಎಂದು ಮನ್ರೋ 1800ರ ವರದಿಗಳಲ್ಲಿ ಬರೆದ. ಹೈದರ್, ಟಿಪ್ಪುವಿನ ಕಾಲದಲ್ಲಿ ಏರಿದ ತೆರಿಗೆಯ ಭಾರವನ್ನೂ ಗುರುತಿಸಿದ. ಕರಾವಳಿಯ ಇತಿಹಾಸಕಾರರು ಇದಕ್ಕಾಗಿ ಅವನನ್ನು ಮೆಚ್ಚಿಕೊಂಡಿದ್ದಾರೆ, ಮೆಚ್ಚಬೇಕಾದದ್ದೂ ಹೌದು. ಆದರೆ ಸರಕಾರ ವ್ಯವಹರಿಸಿದ್ದು ಪುಸ್ತಕದಲ್ಲಿ ಹೆಸರಿದ್ದ ವರ್ಗದಾರನ ಜೊತೆಗೆ. ಅವನ ಕೆಳಗೆ ಕಾಯಂ ಒಕ್ಕಲಾದ ಮೂಲಗೇಣಿಯವನಿದ್ದ, ಅವನಿಗೂ ಕೆಳಗೆ ವರ್ಷವರ್ಷವೂ ಒಕ್ಕಲೆಬ್ಬಿಸಬಹುದಾಗಿದ್ದ ಚಾಲಗೇಣಿಯವನಿದ್ದ. ಕೆಸರಿಗೆ ಇಳಿಯುತ್ತಿದ್ದವನು ಈ ಕೊನೆಯವನು, ಕಾಗದದಲ್ಲಿ ಕಾಣದವನೂ ಇವನೇ. ಜಮೀನುಳ್ಳ ಗುತ್ತಿನ ಮನೆಗೂ ಒಕ್ಕಲಿಗೂ ನಡುವೆ ಇದ್ದ ನಂಟಿನಲ್ಲಿ ಶೋಷಣೆ ಮೊದಲೂ ಇತ್ತು. ಕಂಪನಿಯ ಲೆಕ್ಕಪುಸ್ತಕ ಆ ಶೋಷಣೆಯನ್ನು ಹುಟ್ಟಿಸಲಿಲ್ಲ. ಅದಕ್ಕೆ ಕೋರ್ಟು, ಪೊಲೀಸು, ರಿಜಿಸ್ಟರುಗಳ ಬೆಂಬಲವನ್ನು ಕೊಟ್ಟಿತು.

ಇದಕ್ಕಿಂತ ಆಳವಾದ ಹಸ್ತಕ್ಷೇಪ ನಡೆದದ್ದು ಮನೆಯೊಳಗೆ. ಬಂಟರು, ಬಿಲ್ಲವರು, ಮೊಗವೀರರು ಮತ್ತು ಕರಾವಳಿಯ ಇನ್ನೂ ಹಲವು ಸಮುದಾಯಗಳಲ್ಲಿ ಆಸ್ತಿ, ವಂಶ ಎಲ್ಲವೂ ತಾಯಿಯ ಬಳಿಯಲ್ಲಿ ಹರಿಯುತ್ತಿದ್ದ ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ, ಇತ್ತು. ಕುಟುಂಬ, ಅದರೊಳಗಿನ ಕವರು ಎಂಬ ಶಾಖೆ, ಯಜಮಾನ ಅಥವಾ ಯಜಮಾನ್ತಿ, ಹೀಗೆ ಅದಕ್ಕೊಂದು ರಚನೆ. ಕೈಧಾರೆಯಲ್ಲಿ ಮದುವೆಯಾದ ಹೆಣ್ಣು ಬೇಡವೆನಿಸಿದರೆ ಗಂಡನನ್ನು ಬಿಟ್ಟು ತವರಿಗೆ ಬರಬಹುದಿತ್ತು, ಬುಡುಧಾರೆಯಲ್ಲಿ ಮರುಮದುವೆ ಆಗಬಹುದಿತ್ತು. ಊರಿಂದೂರಿಗೆ, ಜಾತಿಯಿಂದ ಜಾತಿಗೆ ಪದ್ಧತಿ ಬೇರೆ. ತಂಟೆ ಬಂದಾಗ ಹಿರಿಯರು ಕೂತು ತೀರ್ಮಾನಿಸುತ್ತಿದ್ದರು, ಇಲ್ಲವೇ ನೇಮದ ಹೊತ್ತಿನಲ್ಲಿ ದೈವದ ನುಡಿ ಕೇಳುತ್ತಿದ್ದರು.

ಬ್ರಿಟಿಷ್ ಕೋರ್ಟಿಗೆ ಇದು ಸಾಲಲಿಲ್ಲ. ಅದಕ್ಕೆ ಒಂದು ಗ್ರಂಥ ಬೇಕಿತ್ತು. ಬ್ರಾಹ್ಮಣರಿಗೆ ಧರ್ಮಶಾಸ್ತ್ರ, ಮುಸಲ್ಮಾನರಿಗೆ ಶರೀಅತ್ ಇದ್ದ ಹಾಗೆ ತುಳುವರಿಗೂ ಒಂದು ಬರಹರೂಪದ ಕಾನೂನು ಇರಲೇಬೇಕು ಎಂಬುದು ಅದರ ನಂಬಿಕೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ಅಳಿಯಸಂತಾನದ ಕಟ್ಟುಕಟ್ಟಳೆ’ ಆ ಜಾಗವನ್ನು ತುಂಬಿತು. ಬಾರಕೂರಿನ ಭೂತಾಳಪಾಂಡ್ಯ ಕ್ರಿಸ್ತಶಕದ ಆರಂಭದಲ್ಲಿ ಇದನ್ನು ವಿಧಿಸಿದ ಎಂದು ಪುಸ್ತಕ ಹೇಳಿಕೊಳ್ಳುತ್ತದೆ. ಹಡಗು ಇಳಿಸಲು ಕುಂಡೋದರ ಭೂತ ಅರಸನ ಮಗನನ್ನೇ ಬಲಿ ಕೇಳಿತು. ರಾಣಿ ಒಪ್ಪಲಿಲ್ಲ, ಅರಸನ ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು. ಅಂದಿನಿಂದ ಆಸ್ತಿ ಅಳಿಯನಿಗೆ ಎಂಬ ಕತೆ ಕರಾವಳಿಯ ಪ್ರತಿ ಮನೆಗೂ ಗೊತ್ತು. ಕತೆಯಾಗಿ ಅದರ ಬೆಲೆ ದೊಡ್ಡದು. ಶಾಸನವಾಗಿ ಅದಕ್ಕೆ ಆಧಾರವಿಲ್ಲ. ಉದ್ಯಾವರದ ಕಲ್ಲುಗಳಲ್ಲಿ ಅರಸರ ಹೆಸರುಗಳಿವೆ, ಭೂತಾಳಪಾಂಡ್ಯನ ಸುಳಿವಿಲ್ಲ.

ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ಆ ಪುಸ್ತಕವನ್ನು ಕೂಟಸೃಷ್ಟಿ ಎಂದೇ ಕರೆದ. ಅಷ್ಟರಲ್ಲಿ ಕೋರ್ಟುಗಳ ದಾರಿ ಗಟ್ಟಿಯಾಗಿತ್ತು. 1862ರಲ್ಲಿ ಮದರಾಸು ಹೈಕೋರ್ಟು ಸ್ಥಾಪನೆಯಾದ ಮರುವರ್ಷವೇ ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಒಬ್ಬರ ಒತ್ತಾಯಕ್ಕೆ ಪಾಲು ಮಾಡುವಂತಿಲ್ಲ ಎಂಬ ತೀರ್ಪು ಬಂತು. ಊರಿನ ರೂಢಿಯಲ್ಲಿ ಬಾಗಬಲ್ಲದಾಗಿದ್ದದ್ದು ನಜೀರಾದ ಮೇಲೆ ಬಾಗದಾಯಿತು. ಯಜಮಾನನ ಕೈ ಬಲವಾಯಿತು, ಕಿರಿಯ ಕವರಿನ ಹೆಂಗಸರೂ ಮಕ್ಕಳೂ ಜೀವನಾಂಶಕ್ಕಾಗಿ ವಕೀಲರ ಮನೆ ಸುತ್ತುವಂತಾಯಿತು. 1883ರ ವರದಿಯಲ್ಲಿರುವ ಇನ್ನೊಂದು ಮೊಕದ್ದಮೆ ಇನ್ನೂ ಕಟುವಾದದ್ದು. ಅಳಿಯಸಂತಾನದ ಮದುವೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ ಮುರಿಯಬಹುದಾದ್ದರಿಂದ ಅದು ದಂಡಸಂಹಿತೆ ಗುರುತಿಸುವ ಮದುವೆಯೇ ಅಲ್ಲ ಎಂದು ಹೈಕೋರ್ಟು ಹೇಳಿತು. ಹೆಣ್ಣಿಗಿದ್ದ ಬಿಡುಗಡೆಯ ಹಕ್ಕನ್ನೇ ಆಧಾರ ಮಾಡಿಕೊಂಡು ಅವಳ ದಾಂಪತ್ಯದ ಮಾನ್ಯತೆಯನ್ನು ಕಸಿದ ತೀರ್ಪು ಅದು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಮದುವೆಯೊಂದೇ ಅಳತೆಗೋಲಾದಾಗ ತುಳುನಾಡಿನ ಧಾರೆಯ ನೀರು ಲೆಕ್ಕಕ್ಕೆ ಬರಲಿಲ್ಲ. ಆಮೇಲೆ 1896ರ ಮಲಬಾರ್ ಮದುವೆ ಕಾಯ್ದೆ, 1949ರ ಮದರಾಸು ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದವು. ಪಾಲಿನ ಹಕ್ಕು ದೊರಕಿದ್ದು 1949ರಲ್ಲಿ, ಅಂದರೆ ಮೊದಲ ತೀರ್ಪಿನ ಸುಮಾರು ಎಂಬತ್ತಾರು ವರ್ಷಗಳ ಮೇಲೆ.

ಇಂಥದ್ದು ಇಲ್ಲಿ ಮಾತ್ರ ನಡೆದದ್ದಲ್ಲ. ಪಶ್ಚಿಮ ಸುಮಾತ್ರಾದ ಮಿನಂಗ್‌ಕಬಾವ್ ಜನರದ್ದೂ ತಾಯಿಬಳಿಯ ಕಟ್ಟು. 1821ರಿಂದ ಡಚ್ಚರು ಅಲ್ಲಿನ ಮುಸ್ಲಿಂ ಸುಧಾರಕರ ‘ಪದ್ರಿ’ ಯುದ್ಧದಲ್ಲಿ ಕೈಹಾಕಿ ನೆಲೆಯೂರಿದರು. ಮುಂದೆ ಲೈಡನ್ನಿನ ವಿದ್ವಾಂಸರು ದ್ವೀಪಗಳ ರೂಢಿಗಳನ್ನೆಲ್ಲ ‘ಅದತ್ ಕಾನೂನು’ ಎಂದು ಬರಹಕ್ಕಿಳಿಸಿದರು. ಆಫ್ರಿಕದ ವಸಾಹತುಗಳಲ್ಲಿ ಊರಿನ ಮುಖ್ಯಸ್ಥರು ಹೇಳಿದ್ದನ್ನೇ ಬುಡಕಟ್ಟಿನ ಕಾನೂನು ಎಂದು ಆಡಳಿತಗಾರರು ಬರೆದುಕೊಂಡರು. ಹೆಂಗಸರನ್ನು, ಕಿರಿಯರನ್ನು ಕೇಳುವ ಕ್ರಮ ಎಲ್ಲಿಯೂ ವಿರಳವಾಗಿತ್ತು.

ಬರ್ನೆಲ್‌ನ ಹೆಸರು ತುಳುನಾಡಿನಲ್ಲಿ ಹೆಚ್ಚು ಉಳಿದಿರುವುದು ಬೇರೊಂದು ಕಾರಣಕ್ಕೆ. 1882ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಕಾಗದಗಳಲ್ಲಿದ್ದ ಭೂತಾರಾಧನೆಯ ವಿವರಗಳೂ ದೈವಗಳ ಕತೆಯನ್ನು ಹಾಡುವ ಪಾಡ್ದನಗಳೂ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾದವು. ಶೀರ್ಷಿಕೆ: ತುಳುವರ ಪಿಶಾಚಪೂಜೆ. ಪಾಡ್ದನಗಳ ಅನುವಾದದಲ್ಲಿ ಬಾಸೆಲ್ ಮಿಷನ್ನಿನ ಆಗಸ್ಟ್ ಮೆನ್ನರ್‌ನ ಕೈಯಿತ್ತು. ತುಳು ನಿಘಂಟು ಮತ್ತು ‘ಪಾಡ್ದನೊಲು’ ಎರಡನ್ನೂ 1886ರಲ್ಲಿ ತಂದವನು ಅವನೇ. ಸಂಪಾದಕ ರಿಚರ್ಡ್ ಟೆಂಪಲ್ ಅದೇ ವರ್ಷಗಳಲ್ಲಿ ಅಂಡಮಾನಿನ ಮುಖ್ಯ ಆಯುಕ್ತನಾಗಿ ಕೈದಿಗಳ ವಸಾಹತನ್ನು ನಡೆಸುತ್ತಿದ್ದ. ಕಲ್ಲುರ್ಟಿ, ಜುಮಾದಿ, ಪಂಜುರ್ಲಿಯರ ಲೋಕ ಓದುಗರ ಕೈಸೇರುವ ಮೊದಲು ನ್ಯಾಯಾಧೀಶ, ಪಾದ್ರಿ, ಜೈಲು ಸೀಮೆಯ ಆಡಳಿತಗಾರ, ಈ ಮೂವರ ಮೇಜುಗಳನ್ನು ದಾಟಿ ಬರಬೇಕಾಯಿತು.

ಅವರು ಬರೆದುಕೊಂಡದ್ದು ಮಾತುಗಳನ್ನು. ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರ, ತೆಂಬರೆ ವಾದ್ಯದ ಲಯ, ದರ್ಶನದ ಆವೇಶ, ಯಜಮಾನನೆದುರು ನಿಂತು ದೈವ ಕೇಳುವ ಲೆಕ್ಕ, ಇವು ವಿವರಗಳ ಅಂಚಿನಲ್ಲಿ ಉಳಿದವು. ಪಾಡ್ದನವನ್ನು ಬಾಯಲ್ಲಿ ಉಳಿಸಿಕೊಂಡು ಬಂದ ನಲಿಕೆ, ಪಂಬದ, ಪರವ ಕುಟುಂಬಗಳ ಕಲಾವಿದರು ಮಾಹಿತಿಯ ಮೂಲವಾದರು, ಕರ್ತೃಗಳಾಗಲಿಲ್ಲ. ದೈವದ ನುಡಿ ಒಂದು ಬಗೆಯ ನ್ಯಾಯಸ್ಥಾನವೂ ಆಗಿತ್ತು ಎಂಬುದನ್ನು ನ್ಯಾಯಾಧೀಶ ಗಂಭೀರವಾಗಿ ಎತ್ತಿಕೊಳ್ಳಲಿಲ್ಲ ಎಂಬುದೇ ಈ ಬರಹಗಳ ದೊಡ್ಡ ಕೊರತೆ.

ಹಾಗೆಂದು ಈ ಪರಂಪರೆಯನ್ನು ಗುಡಿಸಿ ಹಾಕಿದರೆ ಅನ್ಯಾಯವಾಗುತ್ತದೆ. ಬಾಸೆಲ್ ಮಿಷನ್ನಿನ ಬ್ರಿಗೆಲ್‌ನ 1872ರ ವ್ಯಾಕರಣ, ಮೆನ್ನರ್‌ನ ನಿಘಂಟು ಇಲ್ಲದಿದ್ದರೆ ಆ ಕಾಲದ ತುಳುವಿನ ಎಷ್ಟೋ ಪದಗಳು ದಾಖಲೆಯಿಲ್ಲದೆ ಹೋಗುತ್ತಿದ್ದವು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವ ರೂಢಿಯನ್ನು ನೆಲೆಗೊಳಿಸಿದ್ದು ಮಿಷನ್ನಿನ ಅಚ್ಚುಕೂಟ. ಅವರ ಶ್ರದ್ಧೆ ನಿಜವಾದದ್ದು. ಆ ಶ್ರದ್ಧೆಗೆ ಗೌರವ ಕೊಡುತ್ತಲೇ ಅದರ ಹಿಂದಿನ ಅಧಿಕಾರವನ್ನು ಹೆಸರಿಟ್ಟು ಹೇಳಬೇಕಾಗಿದೆ.

ಈ ಬರಹಗಳಿಗೆ ಉತ್ತರ ಹುಟ್ಟಿದ್ದು ಉಡುಪಿಯಲ್ಲಿ. 1949ರಲ್ಲಿ ಆರಂಭವಾದ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಸುತ್ತ, ಕು. ಶಿ. ಹರಿದಾಸ ಭಟ್ಟರ ಮುಂದಾಳ್ತನದಲ್ಲಿ ಒಂದು ಅಧ್ಯಯನದ ಪಂಥವೇ ಬೆಳೆಯಿತು. ಕಾಪು ಬಳಿಯ ಮಜೂರಿನ ಯು. ಪಿ. ಉಪಾಧ್ಯಾಯರು ಅದರ ಮುಖ್ಯ ಭಾಷಾವಿಜ್ಞಾನಿ. ಅವರ ಬದುಕಿನಲ್ಲಿ ಒಂದು ಅಪರೂಪದ ಅಧ್ಯಾಯವಿದೆ. ಫ್ರೆಂಚರ ವಸಾಹತಾಗಿದ್ದು 1960ರಲ್ಲಿ ಸ್ವತಂತ್ರವಾದ ಸೆನೆಗಲ್‌ನ ಅಧ್ಯಕ್ಷ, ಕವಿ ಸೆಂಘೋರ್‌ಗೆ ದ್ರಾವಿಡ ಮತ್ತು ಆಫ್ರಿಕನ್ ಭಾಷೆಗಳ ನಂಟಿನಲ್ಲಿ ತುಂಬ ಆಸಕ್ತಿ. ಉಪಾಧ್ಯಾಯರು ಡಾಕರ್‌ನಲ್ಲಿ ಇದ್ದುಕೊಂಡು ಆ ಕೆಲಸ ಮಾಡಿದರು. ಆ ನಂಟನ್ನು ಭಾಷಾವಿಜ್ಞಾನ ಇವತ್ತು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೂ ಯುರೋಪನ್ನು ನಡುವೆ ತರದೆ ಹಿಂದೆ ವಸಾಹತುಗಳಾಗಿದ್ದ ಎರಡು ನಾಡುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಹೊರಟ ಆ ಪ್ರಯತ್ನದಲ್ಲಿ ಧೈರ್ಯವಿತ್ತು. ಊರಿಗೆ ಮರಳಿದ ಅವರು ಪತ್ನಿ ಸುಶೀಲಾ ಉಪಾಧ್ಯಾಯರೊಂದಿಗೆ ಭೂತಾರಾಧನೆಯನ್ನು ವಿಧಿಬದ್ಧ ರಂಗಭೂಮಿಯಾಗಿ ನೋಡುವ ಪುಸ್ತಕವನ್ನು 1984ರಲ್ಲಿ ತಂದರು. ಅದೇ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ‘ತುಳು ನಿಘಂಟು’ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಹೊರಬಂತು. ಅದು ಮೆನ್ನರ್‌ನ ನಿಘಂಟನ್ನು ಒಳಗೊಂಡು, ಅವನಿಗೆ ಸಿಗದ ಜಾತಿ, ಪ್ರದೇಶಗಳ ನುಡಿಗಳನ್ನು ಹೊಲ, ದೋಣಿ, ಕೊಟ್ಟಿಗೆಗಳಿಂದ ಎತ್ತಿ ತಂದ ನಿಘಂಟು.

ಜಾನಪದ ವಿದ್ವಾಂಸರಾದ ವಿವೇಕ ರೈಗಳ ‘ತುಳು ಜನಪದ ಸಾಹಿತ್ಯ’ (1985), ಚಿನ್ನಪ್ಪ ಗೌಡರ ‘ಭೂತಾರಾಧನೆ’ (1990) ಇದೇ ದಾರಿಯನ್ನು ಮಂಗಳೂರಿನಲ್ಲಿ ಅಗಲ ಮಾಡಿದವು. ಇವರಿಬ್ಬರೊಂದಿಗೆ ಫಿನ್ಲೆಂಡಿನ ಲೌರಿ ಹಾಂಕೊ ಸೇರಿ 1998ರಲ್ಲಿ ಪ್ರಕಟಿಸಿದ ಸಿರಿ ಪಾಡ್ದನದ ಹೊತ್ತಗೆಯ ಹೆಸರಿನಲ್ಲೇ ಹಾಡಿದ ಗೋಪಾಲ ನಾಯ್ಕರಿದ್ದಾರೆ. ಬರ್ನೆಲ್‌ನ ಪುಟಗಳಿಂದ ಆ ಮುಖಪುಟಕ್ಕೆ ಬರಲು ನೂರು ವರ್ಷ ಹಿಡಿಯಿತು. ಈ ಪಂಥದ ಅತಿ ದೊಡ್ಡ ಗೆಲುವು ಇದು ಎನ್ನಬೇಕು.

ಆದರೆ ಗೆಲುವು ಅರ್ಧದ್ದು. ಉಡುಪಿ-ಮಂಗಳೂರಿನ ವಿದ್ವಾಂಸರು ವಸಾಹತಿನಿಂದ ಮರಳಿ ಪಡೆದದ್ದು ನುಡಿಯನ್ನು, ಹಾಡನ್ನು, ಆಚರಣೆಯನ್ನು. ಕೋರ್ಟಿಗೂ ಲೆಕ್ಕಪುಸ್ತಕಕ್ಕೂ ಹೋದದ್ದರ ಕಡೆಗೆ ಅವರ ಮುಖ್ಯ ಕೃತಿಗಳು ಅಷ್ಟೇ ಹಟದಿಂದ ಹೊರಳಲಿಲ್ಲ. ಅಳಿಯಸಂತಾನ ಕುರಿತ ಬರಹಗಳಲ್ಲಿ ಭೂತಾಳಪಾಂಡ್ಯನ ಐತಿಹ್ಯಕ್ಕೆ ಸಿಕ್ಕ ಪುಟಗಳು 1863ರ ತೀರ್ಪಿಗೆ ಸಿಕ್ಕಿಲ್ಲ. ಆಚರಣೆಯನ್ನು ‘ರಂಗಭೂಮಿ’ಯಾಗಿ ಎತ್ತಿ ಹಿಡಿದಾಗ ಅಣಿ ಕಟ್ಟುವವನಿಗೂ ಗುತ್ತಿನ ಚಾವಡಿಯಲ್ಲಿ ಕೂತವನಿಗೂ ನಡುವಿನ ದೂರ ಸ್ವಲ್ಪ ಮಸುಕಾದದ್ದೂ ಉಂಟು. ಎಲ್ಲ ಕೇಡಿಗೂ ಹೊರಗಿನವರನ್ನೇ ದೂರುವಂತಿಲ್ಲ. ಕೊರಗರನ್ನು ಹೀನಾಯವಾಗಿ ಬಳಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಯಾವ ಕಲೆಕ್ಟರನೂ ತಂದದ್ದಲ್ಲ. ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ.

ಚಾಲಗೇಣಿಯವನ ಹೆಸರು ಕಾಗದಕ್ಕೆ ಬಂದದ್ದು 1974ರ ಭೂಸುಧಾರಣೆ ತಿದ್ದುಪಡಿಯಿಂದ. ಕಾಪು, ಉಡುಪಿ, ಕಾರ್ಕಳದ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಭೂನ್ಯಾಯಮಂಡಳಿಯೆದುರು ನಿಂತರು. ಗುತ್ತಿನ ಮನೆಗಳ ಗೇಣಿ ಕರಗಿತು, ಅದರ ಬಲದಲ್ಲಿ ನಡೆಯುತ್ತಿದ್ದ ನೇಮಗಳ ಖರ್ಚು ಊರವರ ಸಮಿತಿಗಳ ಹೆಗಲಿಗೆ ಬಂತು. ಅಲ್ಲಿಯೂ ಹಳೆಯ ಪ್ರಶ್ನೆ ತಲೆಯೆತ್ತಿತು: ಅರ್ಜಿಗೆ ಸಹಿ ಹಾಕಿದ ಒಬ್ಬ ಗಂಡಸಿಗೆ ಸಿಕ್ಕ ಹಕ್ಕು ಅವನದೋ, ಅವನ ತಾಯಿಬಳಿಯ ಕುಟುಂಬದ್ದೋ? ಇಂಥ ವ್ಯಾಜ್ಯಗಳು ಕರ್ನಾಟಕ ಹೈಕೋರ್ಟಿನವರೆಗೂ ಹೋಗಿವೆ. ಆ ಕಡತಗಳಲ್ಲಿ ಅಕ್ಕತಂಗಿಯರ ಹೇಳಿಕೆಗಳಿವೆ, ಕವರಿನ ವಂಶವೃಕ್ಷಗಳಿವೆ, ಯಾರು ಯಾವ ಗದ್ದೆಯಲ್ಲಿ ನೇಜಿ ನೆಟ್ಟರು ಎಂಬ ಸಾಕ್ಷಿಗಳಿವೆ. ಪಾಡ್ದನಗಳನ್ನು ಧ್ವನಿಮುದ್ರಿಸಿಕೊಂಡಷ್ಟೇ ಶ್ರದ್ಧೆಯಿಂದ ಆ ಹೇಳಿಕೆಗಳನ್ನು ಓದಿ, ಮದರಾಸಿನ ಹಳೆಯ ತೀರ್ಪುಗಳ ಪಕ್ಕದಲ್ಲಿಟ್ಟು ನೋಡುವ ಕೆಲಸ ಉಡುಪಿಯ ಹೊಸ ತಲೆಮಾರಿನ ಸಂಶೋಧಕರದ್ದು.