ಪರದೆಯ ಮೇಲಿನ ತೀರ್ಪು



2025ರ ಏಪ್ರಿಲ್ 13, ಗರಿಗಳ ಭಾನುವಾರ. ಬಲಿಪೂಜೆಯಲ್ಲಿ ಪ್ರಭುವಿನ ಯಾತನೆಯ ವಾಚನವಾಗುವಾಗ ಜನಸಮೂಹದ ಕೂಗನ್ನು ನಾವೇ ಉಚ್ಚರಿಸಿ ಬಂದಿದ್ದೆವು. ಅಂದೇ ಹುಬ್ಬಳ್ಳಿಯಲ್ಲಿ ಐದು ವರ್ಷದ ಕಂದಮ್ಮನ ಹತ್ಯೆಯಾಯಿತು. ಆರೋಪಿಯು ಪೊಲೀಸರ ಗುಂಡಿಗೆ ಬಲಿಯಾದನು. ಆತ್ಮರಕ್ಷಣೆಗಾಗಿ ಹಾರಿಸಿದ ಗುಂಡೆಂದರು ಪೊಲೀಸರು. ದಾವಣಗೆರೆ, ಹರಿಹರದ ಮನೆಗಳಲ್ಲಿ ಟಿ.ವಿ. ಮುಂದೆ ಕುಳಿತ ನಾವೂ ಜಯಘೋಷಕ್ಕೆ ತಲೆದೂಗಿದೆವು. ಹೆತ್ತವರ ಸಂಕಟ ಕಂಡವರಿಗೆ ಅದು ಸಹಜವೇ. ಆದರೆ ಕೊಂದವನು ಅವನೇ ಎಂದು ಸಾಕ್ಷ್ಯದಿಂದ ಸ್ಥಾಪಿಸುವ ವಿಚಾರಣೆ ಇನ್ನು ನಡೆಯದು. ಆ ನಷ್ಟವೂ ಹೆತ್ತವರದೇ.

2019ರ ಡಿಸೆಂಬರ್ 6ರಂದು ಹೈದರಾಬಾದ್ ಸಮೀಪ ನಾಲ್ವರು ಆರೋಪಿಗಳು ಹತರಾದಾಗ ಪೊಲೀಸರ ಮೇಲೆ ಹೂಮಳೆ ಸುರಿಯಿತು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗವು 2022ರಲ್ಲಿ ಅವರ ಆತ್ಮರಕ್ಷಣೆಯ ವಾದವನ್ನು ತಳ್ಳಿಹಾಕಿತು. ಹೂಮಳೆಯನ್ನು ಟಿ.ವಿ.ಯಲ್ಲಿ ಕಂಡಿರಿ; ವರದಿಯನ್ನು ಕಂಡಿರಾ?